ಉಸಿರು ಬಿಗಿಹಿಡಿದು ನಲವತ್ತೆಂಟು ಸಲ

ಬೆಳಗಿನ ಐದೂವರೆ. ಸಂಶೋಧನಾಲಯದ ನೆಲಮಾಳಿಗೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಾಟಲಿ ಅಕ್ಕ ಒಳಗೆ ಹೋಗುತ್ತಾರೆ. ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ಅವರ ಕೆಲಸ ನೋಡಿ ಬರೆಯಲು ಬಂದ ನಾನು ಬಾಗಿಲ ಗಾಜಿನಾಚೆಯೇ ನಿಲ್ಲಬೇಕು. ಒಳಗಿನ ಕಪಾಟುಗಳಲ್ಲಿ ಮಣ್ಣು ತುಂಬಿದ ನಲವತ್ತೆಂಟು ಬಾಟಲಿಗಳಿವೆ. ಅಕ್ಕ ಮುಖ ಪಕ್ಕಕ್ಕೆ ತಿರುಗಿಸಿ ಉಸಿರೆಳೆದು, ಬಿಗಿಹಿಡಿದು, ಒಂದರ ಮುಚ್ಚಳ ತೆಗೆದು ಮಾಪಕದ ನಳಿಗೆ ಇಳಿಬಿಡುತ್ತಾರೆ. ಅಂಕಿ ಬರೆದು, ಮುಚ್ಚಳ ಹಾಕಿದ ಮೇಲೆಯೇ ಉಸಿರು ಬಿಡುವುದು. ಹೀಗೆ ನಲವತ್ತೆಂಟು ಸಲ. ಹೊರಗೆ ನಿಂತು ಜೊತೆಗೂಡಲು ಹೋದ ನಾನು ಒಂಬತ್ತಕ್ಕೇ ಸುಸ್ತು.

ಈ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳು ಕೂಡಿ ಬಾಳುತ್ತವೆ. ಕೆಲವು ಬಾಟಲಿಗಳಿಗೆ ಉಪ್ಪುನೀರು, ಕೆಲವಕ್ಕೆ ಬಿಸಿ, ಹನ್ನೆರಡಕ್ಕೆ ನೀರೇ ಇಲ್ಲ. ಕಷ್ಟ ಬಂದಾಗ ಯಾವುದು ಸಾಯುತ್ತದೆ, ಸತ್ತದ್ದರ ಕೆಲಸವನ್ನು ಯಾವುದು ವಹಿಸಿಕೊಳ್ಳುತ್ತದೆ ಎಂದು ತಿಳಿಯಲು ಅವುಗಳ ಉಸಿರನ್ನು ಅಳೆಯುತ್ತಾರೆ. ಮನುಷ್ಯರ ಉಸಿರು ಸೋಕಿದರೆ ಲೆಕ್ಕ ಕೆಟ್ಟಿತು. ಅದಕ್ಕೇ ಕೋಣೆಗೆ ಒಬ್ಬರೇ ಹೋಗಬೇಕು, ಮಾತಾಡಬಾರದು. ಹತ್ತೊಂಬತ್ತು ವರ್ಷದಿಂದ ಆ ಒಬ್ಬರು ಈ ಅಕ್ಕ. ಇವರ ಅಂಕಿಗಳಿಂದ ಏಳು ಮಂದಿ ಡಾಕ್ಟರೇಟ್ ಪಡೆದಿದ್ದಾರೆ. ಅವರ ಒಂದು ಪ್ರಬಂಧದಲ್ಲೂ ಇವರ ಹೆಸರಿಲ್ಲ.

ಗಂಡ ಬಸ್ ಕಂಡಕ್ಟರ್, ಮಾತಿನ ಮಲ್ಲ. "'ಮಣ್ಣಿನ ಮುಂದೆ ಮೂಕಿ, ಮನೆಗೆ ಬಂದ್ರೆ ರೇಡಿಯೋ' ಅಂತಿದ್ರು ನಮ್ಮನೆಯವ್ರು," ಎಂದು ಅಕ್ಕ ನಗುತ್ತಾರೆ. ಮೂರು ವರ್ಷದ ಹಿಂದೆ ಅವರು ತೀರಿಕೊಂಡರು. ಈಗ ಮನೆಯಲ್ಲೂ ಮಾತಿಗೆ ಯಾರೂ ಇಲ್ಲ. ಎಷ್ಟೋ ದಿನ ಮೂಲೆಯಂಗಡಿಯವರ ಜೊತೆ ಆಡುವ ಎರಡು ಮಾತೇ ಇಡೀ ದಿನದ ಮಾತು.

ಆ ಸಾವಿನ ಬಳಿಕ ಕೆಲಸಕ್ಕೆ ಮರಳಿದ ದಿನ, ನೀರಿಲ್ಲದ ಸಾಲಿನ ಮೊದಲ ಬಾಟಲಿ ತೆರೆಯುತ್ತಿದ್ದಂತೆ ಅವರಿಗೆ ದುಃಖ ಒತ್ತರಿಸಿ ಬಂತು. ಒಂದೊಂದೇ ಬಾಟಲಿ ತೆರೆದು ಗಂಡನ ಆಸ್ಪತ್ರೆಯ ದಿನಗಳನ್ನೆಲ್ಲ ಆ ಮಣ್ಣಿಗೆ ಹೇಳಿಕೊಂಡರು. ಕೈ ಮಾತ್ರ ಅಭ್ಯಾಸಬಲದಿಂದ ಅಂಕಿ ಬರೆಯುತ್ತಿತ್ತು. ಸತ್ತಂತಿದ್ದ ಮಣ್ಣು ಉಸಿರಾಡುತ್ತಿದೆ ಎಂದು ವಿಭಾಗದ ಮುಖ್ಯಸ್ಥೆ ಹಿಗ್ಗಿ ಹೀರೇಕಾಯಿಯಾದರು. ಪ್ರಬಂಧ ಬರೆಯಲು ಕೂತೇಬಿಟ್ಟರು. ನಿಜ ಹೇಳಿದರೆ ಕೆಲಸ ಹೋಗಬಹುದು, ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮೂರು ದಿನ ನಿದ್ದೆಗೆಟ್ಟ ಅಕ್ಕ ನಾಲ್ಕನೇ ದಿನ ಹೋಗಿ ಅವರ ಮೇಜಿನ ಮುಂದೆ ನಿಂತರು.

"ಮೇಡಂ, ಅದು ಮಣ್ಣಿನ ಉಸಿರಲ್ಲ. ನಂದು."

ಮುಖ್ಯಸ್ಥೆ ಆ ದಿನದ ಪುಟಕ್ಕೆ ಅಡ್ಡಗೀಟು ಎಳೆದರಂತೆ. ಆಮೇಲೆ ನಾಳೆ ಎಂದಿನ ಹೊತ್ತಿಗೇ ಬನ್ನಿ ಎಂದರಂತೆ. ಇದನ್ನು ಹೇಳುವಾಗ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಮುಂದಿನ ತಿಂಗಳು ನಿವೃತ್ತಿ. ಸನ್ಮಾನ, ಶಾಲು ಏನೂ ಬೇಡವಂತೆ. ಒಂದೇ ಒಂದು ಆಸೆಯಿದೆ, ಅದಕ್ಕೆ ಮುಖ್ಯಸ್ಥೆಯ ಒಪ್ಪಿಗೆಯೂ ಸಿಕ್ಕಿದೆ.

"ಕೊನೇ ದಿನ ಕೆಲ್ಸ ಎಲ್ಲಾ ಮುಗಿದ್ಮೇಲೆ, ಅರ್ಧ ಗಂಟೆ ಆ ರೂಮಲ್ಲಿ ಕೂತು ಜೋರಾಗಿ ಮಾತಾಡ್ಬೇಕು. ನಮ್ಮನೆಯವ್ರ ವಿಷ್ಯ, ಎಲ್ಲಾನೂ," ಎನ್ನುತ್ತಾರೆ. ತುಸು ತಡೆದು ಸೇರಿಸುತ್ತಾರೆ: "ಮುಚ್ಚಳ ಬಿಗಿಯಾಗಿದ್ಯಾ ಅಂತ ನಲವತ್ತೆಂಟನ್ನೂ ನೋಡ್ಕೊಂಡೇ ಬಾಯಿ ತೆಗೀತೀನಿ. ಲೆಕ್ಕ ಕೆಡಬಾರ್ದಲ್ಲ."