ನೇವಿ ಚಾಚಾ ಮತ್ತು ಮೂಲೆ ಸೈಟು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಬಾಗಿಲು ತೆರೆದಾಗ ಹಿತ್ತಾಳೆ ಪಾಲಿಶಿನ ವಾಸನೆ ಮೂಗಿಗೆ ಬಡಿಯಿತು. ಹೊಸದಾಗಿ ಬಂದ ಸಂಸಾರವೊಂದು ಬಾಗಿಲ ಮೇಲಿನ ಹೆಸರಿನ ಫಲಕ ಉಜ್ಜಿಸುತ್ತಿತ್ತು. ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡೇ ನಾನು ಅಲ್ಲಿ ನಿಂತುಬಿಟ್ಟೆ. ನನ್ನ ಪಾಲಿಗೆ ಅದು ಭಾನುವಾರದ ವಾಸನೆ. ಯಲಹಂಕದ ಹಳೇ ಪೇಟೆಯಲ್ಲಿ ನಾವಿದ್ದ ಹೆಂಚಿನ ಮನೆಯ ಜಗಲಿಯಲ್ಲಿ ಪ್ರತಿ ಭಾನುವಾರ ಬೆಳಗ್ಗೆ ನೇವಿ ಚಾಚಾ ಕಾಲು ಚಾಚಿ ಕೂತು, ಬನಿಯನ್ನಿನ ಚೂರಿನಿಂದ ತಮ್ಮ ಹಿತ್ತಾಳೆಯ ಪಂಪ್ ಸ್ಟವ್ ತಿಕ್ಕುತ್ತಿದ್ದರು. ಸೀಮೆಎಣ್ಣೆಯ ಘಾಟು, ಪಾಲಿಶಿನ ಹುಳಿ ವಾಸನೆ, ಒಳಗಿನಿಂದ ಚಾಚಿ ಹುರಿಯುತ್ತಿದ್ದ ಈರುಳ್ಳಿಯ ವಾಸನೆ ಎಲ್ಲ ಸೇರಿ ಜಗಲಿ ತುಂಬಿಕೊಳ್ಳುತ್ತಿತ್ತು. ಮನೆಗೆ ಎರಡು ಭಾಗ, ಜಗಲಿ ಮಾತ್ರ ಒಂದೇ. ಒಂದು ಭಾಗದಲ್ಲಿ ನೇವಿ ಚಾಚಾ ಎಂದೇ ಹೆಸರಾದ ಖಾದರ್ ಚಾಚಾ ಮತ್ತು ಜುಲೇಖಾ ಚಾಚಿ, ಇನ್ನೊಂದರಲ್ಲಿ ಗದಗಿನಿಂದ ಬಂದ ನಾವು ಮೂವರು. ಅಪ್ಪ ಅಲ್ಲೇ ಹತ್ತಿರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಆ ಮನೆ ಅವರದ್ದೂ ಅಲ್ಲ, ನಮ್ಮದೂ ಅಲ್ಲ. ಇಬ್ಬರೂ ಚಿಕ್ಕಬಳ್ಳಾಪುರದ ಮಾಲೀಕರೊಬ್ಬರಿಗೆ ಬಾಡಿಗೆದಾರರು.

ಚಾಚಾ ನೌಕಾಪಡೆಯಲ್ಲಿ ಹಡಗಿನ ಎಂಜಿನ್ ಕೋಣೆಯಲ್ಲಿ ಬೆವರು ಸುರಿಸಿ ನಿವೃತ್ತರಾಗಿ ಬಂದವರು. ಸಮುದ್ರವೇ ಇಲ್ಲದ ನಮ್ಮ ಊರಿನಲ್ಲಿ ಅವರು ಇನ್ನೂ ಹಡಗಿನಲ್ಲೇ ಬದುಕುತ್ತಿದ್ದರು. ಅಡುಗೆಮನೆಗೆ ಗ್ಯಾಲಿ ಎನ್ನುತ್ತಿದ್ದರು, ಜಗಲಿಗೆ ಡೆಕ್ಕು. ಮೆಜೆಸ್ಟಿಕ್ಕಿಗೆ ಹೋಗುವ ದಿನ ಬಿಳಿ ಪ್ಯಾಂಟು, ಬಿಳಿ ಅರ್ಧ ತೋಳಿನ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ, 'ಶೋರ್ ಲೀವ್ ಮೇಲೆ ಹೋಗ್ತಾ ಇದೀನಿ' ಎಂದು, ಹಡಗಿನವರು ರಜೆ ಮೇಲೆ ದಡಕ್ಕಿಳಿಯುವಾಗ ಹೇಳುವಂತೆ, ಬೀದಿಗೆಲ್ಲ ಸಾರುತ್ತಿದ್ದರು. ನೆಲ ಅಲ್ಲಾಡುತ್ತಿದೆಯೇನೋ ಎಂಬಂತೆ ಕಾಲು ಅಗಲಿಸಿ ನಡೆಯುತ್ತಿದ್ದರು. ನಾವು ಮಕ್ಕಳು ಅವರ ಹಿಂದೆ ಹಾಗೇ ನಡೆದು ಅಣಕಿಸಿದರೆ ತಿರುಗಿ ನೋಡಿ, 'ಸರೂ, ಇನ್ನೂ ಸ್ವಲ್ಪ ಅಗಲ ಇಡು, ಬಿದ್ದೋಗ್ತೀಯ' ಎಂದು ನನ್ನನ್ನೇ ತಿದ್ದುತ್ತಿದ್ದರು. ಹೊಟ್ಟೆಪಾಡಿಗೆ ಮನೆ, ಸೈಟು ಕೊಡಿಸುವ ಬ್ರೋಕರ್ ಕೆಲಸ. ಕೆಲಸ ಎಂದು ಹೇಳುತ್ತೇನೆ, ಆದರೆ ಅರ್ಧ ದಿನ ಅವರು ಬೇರೆಯವರ ರೇಷನ್ ಕಾರ್ಡು, ಶಾಲೆಯ ಸೀಟು, ಆಸ್ಪತ್ರೆಯ ಚೀಟಿ ಎಂದೇ ಸೈಕಲ್ ತುಳಿಯುತ್ತಿದ್ದರು. ಬಾಡಿಗೆಗೆ ಬರುವವರು ಯಾವ ಜನ ಎಂದು ಮನೆ ಮಾಲೀಕರು ಕೇಳಿದರೆ, 'ನಲ್ಲಿ ಸರಿಯಾಗಿ ನಿಲ್ಲಿಸೋ ಜನ ಕಣ್ರೀ, ಅಷ್ಟು ಸಾಲ್ದಾ?' ಎನ್ನುತ್ತಿದ್ದರು.

ಸೈಟು ಮಾರುವುದರಲ್ಲಿ ಅವರದ್ದೇ ಒಂದು ಪದ್ಧತಿಯಿತ್ತು. ಊರಿನ ಬೇರೆ ಬ್ರೋಕರುಗಳೆಲ್ಲ ಅದನ್ನು ಆಡಿಕೊಂಡು ನಗುತ್ತಿದ್ದರು. ಗಂಡಸರು ಬಂದು ಸೈಟು ನೋಡಿ, ತಲೆಯಾಡಿಸಿ, ಅಡ್ವಾನ್ಸ್ ಕೊಡಲು ಕೈ ಜೇಬಿಗೆ ಹಾಕಿದರೆ ಚಾಚಾ ಆ ಕೈಯನ್ನು ಅಲ್ಲೇ ತಡೆಯುತ್ತಿದ್ದರು. ಮನೆಯಾಕೆ ಬರಬೇಕು. ಬರಿಗೈಯಲ್ಲಿ ಅಲ್ಲ, ಕೊಡ ಹಿಡಿದುಕೊಂಡು ಬರಬೇಕು. ಆ ಸೈಟಿಗೆ ಹತ್ತಿರದಲ್ಲಿ ಎಲ್ಲಿ ನೀರಿದೆಯೋ ಅಲ್ಲಿಂದ ತಾನೇ ಹೊತ್ತು ತರಬೇಕು. ಚಾಚಾ ಖಾಲಿ ಸೈಟಿನ ನಡುವೆ ತಮ್ಮ ಪಂಪ್ ಸ್ಟವ್ ಹೊತ್ತಿಸಿ, ಆಕೆ ತಂದ ನೀರಿನಲ್ಲಿ ಚಹಾ ಕಾಯಿಸಿ ಎಲ್ಲರಿಗೂ ಕೊಡುತ್ತಿದ್ದರು. ಕುಡಿದು ಮುಗಿದ ಮೇಲೆ ಗಂಡನ ಕಡೆ ಬೆನ್ನು ಮಾಡಿ, 'ಈಗ ನೀವು ಹೇಳಿ ಅಮ್ಮಾ' ಎನ್ನುತ್ತಿದ್ದರು. ಆಕೆ ಬೇಡವೆಂದರೆ ಆ ವ್ಯವಹಾರ ಅಲ್ಲಿಗೇ ಮುಗಿಯಿತು. ಇದೆಂಥ ಹುಚ್ಚು ಎಂದು ಅಪ್ಪ ಒಮ್ಮೆ ಕೇಳಿಯೇಬಿಟ್ಟರು. 'ಹಡಗಲ್ಲಿ ಸುತ್ತ ನೀರೇ ಸ್ವಾಮಿ, ಕುಡಿಯೋಕೆ ಮಾತ್ರ ಅಳೆದು ಕೊಡೋರು. ನೀರು ಎಷ್ಟು ದೂರ ಅನ್ನೋದು ಹೊರೋರಿಗೇ ಗೊತ್ತು' ಎಂದರು ಚಾಚಾ. ಅಪ್ಪನಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ, ಏಕೆಂದರೆ ನಾವೂ ಸೈಟು ಹುಡುಕುತ್ತಿದ್ದೆವು, ಮುಂದಿನ ವಾರ ಕೊಡ ಹೊರುವ ಸರದಿ ನಮ್ಮವ್ವನದಿತ್ತು.

ನಮ್ಮವ್ವನಂತೂ ಸಿಕ್ಕಿದ್ದೇ ಅವಕಾಶವೆಂದು ತೀರ್ಪು ಕೊಡಲು ಕೂತುಬಿಟ್ಟಳು. ನಾಗಸಂದ್ರದ ಕಡೆ ಅಪ್ಪನ ಜೊತೆಯವರೆಲ್ಲ ಸೈಟು ಹಿಡಿಯುತ್ತಿದ್ದರು. ಅಲ್ಲಿ ಲಾರಿಗಳ ನಡುವೆ ತುಮಕೂರು ರಸ್ತೆ ದಾಟಿ ನೀರು ತಂದವಳೇ ಕೊಡ ಕೆಳಗಿಟ್ಟು, 'ನಾ ಒಲ್ಲೆರೀ' ಎಂದಳು. ಅಪ್ಪ ಮುಖ ಊದಿಸಿಕೊಂಡು ಬಸ್ಸು ಹತ್ತಿದರು. ಕೊನೆಗೆ ಬಳ್ಳಾರಿ ರಸ್ತೆಯಲ್ಲಿ ಹುಣಸಮಾರನಹಳ್ಳಿಯ ಹತ್ತಿರ, ಹೊಲ ಒಡೆದು ಮಾಡಿದ್ದ ಒಂದು ಬಡಾವಣೆಯಲ್ಲಿ ಆಕೆಯ ಮನಸ್ಸು ನಿಂತಿತು. ಪಕ್ಕದಲ್ಲೇ ದ್ರಾಕ್ಷಿ ತೋಟ, ತೋಟದಲ್ಲಿ ತುಂಬಿದ ಬಾವಿ, ತಡೆಯದೆ ನೀರು ಕೊಡುವ ರೈತ. ಅವ್ವ ಚಹಾ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡು, 'ಇಲ್ಲಿ ಇರತೇನಿ' ಎಂದಳು. ಅವಳನ್ನು ಯಾರಾದರೂ ಹೀಗೆ ಕೂರಿಸಿ ಕೇಳಿದ್ದು ಅದೇ ಮೊದಲು. ಮದುವೆಗೂ ಕೇಳಿರಲಿಲ್ಲವಂತೆ.

ಅದೇ ಬಡಾವಣೆಯಲ್ಲಿ ಚಾಚಾ ತಮಗಾಗಿ ಒಂದು ಮೂಲೆ ಸೈಟು ಇಟ್ಟುಕೊಂಡರು. ಅಷ್ಟು ವರ್ಷ ಒಳ್ಳೆಯ ಸೈಟು ಬಂದಾಗಲೆಲ್ಲ ಯಾರಿಗೋ ಮಗಳ ಮದುವೆ, ಇನ್ಯಾರಿಗೋ ವಯಸ್ಸಾದ ತಾಯಿ ಎಂದು ಬಿಟ್ಟುಕೊಡುತ್ತಲೇ ಬಂದಿದ್ದರು. ಅರ್ಧ ಯಲಹಂಕಕ್ಕೆ ಮನೆ ಕೊಡಿಸಿದ ಮನುಷ್ಯನ ಹೆಂಡತಿ ಸೋರುವ ಹೆಂಚಿನ ಕೆಳಗೆ ಪಾತ್ರೆ ಇಟ್ಟುಕೊಂಡು ಕೂತಿದ್ದಳು. ಈ ಸಲ ಚಾಚಿ ಕೊಡ ಹಿಡಿದು ಹೋದರು, ನೀರು ತಂದರು, ಚಹಾ ಕುಡಿದರು. ಚಾಚಾ ಎಲ್ಲರಿಗೂ ಕೇಳುವ ಹಾಗೇ ಗಂಭೀರವಾಗಿ, 'ಈಗ ನೀವು ಹೇಳಿ ಅಮ್ಮಾ' ಎಂದಾಗ ಚಾಚಿ ನಾಚಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು 'ಹೌ' ಎಂದರು. ಅಂದಿನಿಂದ ನಮ್ಮ ಜಗಲಿಯಲ್ಲಿ ಆ ಮನೆಯದೇ ಮಾತು. ಅಕ್ಕಿ ಆರಿಸುತ್ತಾ ಚಾಚಿ ಅಕ್ಕಿಯಲ್ಲೇ ಗೋಡೆ ಎಳೆದು ನನಗೆ ತೋರಿಸುತ್ತಿದ್ದರು.

ಆಮೇಲೆ ಮಳೆ ಕೈಕೊಟ್ಟಿತು. ಒಂದು ವರ್ಷ ಹೇಗೋ ಕಳೆಯಿತು, ಮರುವರ್ಷ ತೋಟದ ಬಾವಿಯ ತಳ ಕಾಣಿಸಿತು. ರೈತನ ಬಳ್ಳಿಗಳೇ ಒಣಗುವಾಗ ಅವನಾದರೂ ಏನು ಮಾಡಿಯಾನು? ಬಡಾವಣೆಯಲ್ಲಿ ಆಗಲೇ ಮನೆ ಕಟ್ಟಿಕೊಂಡಿದ್ದ ಹೆಂಗಸರು ಹಳ್ಳಿಯವರೆಗೆ ನಡೆದು ನೀರು ಹೊರಬೇಕಾಯಿತು. ನಮ್ಮ ಮನೆಯೂ ಪಾಯದ ಮಟ್ಟಕ್ಕೆ ನಿಂತುಹೋಯಿತು. ಚಾಚಾ ಆಫೀಸುಗಳ ಮೆಟ್ಟಿಲು ಹತ್ತಿ ಇಳಿದು ಸರ್ಕಾರದಿಂದ ಒಂದು ಕೈಪಂಪಿನ ಬೋರು ಮಂಜೂರು ಮಾಡಿಸಿದರು. ರಸ್ತೆ ಬದಿಯಲ್ಲಿ ಕೊರೆದರೆ ಬರೀ ಧೂಳು ಬಂತು. ಇನ್ನೊಂದು ಜಾಗ ತೋರಿಸಿದರೆ ಇನ್ನೊಂದೇ ಸಲ ಕೊರೆಯುತ್ತೇವೆ, ಜಾಗವನ್ನು ಸಾರ್ವಜನಿಕರಿಗೆ ಬರೆದುಕೊಡಬೇಕು, ಇಲ್ಲದಿದ್ದರೆ ಬೋರಿನ ಗಾಡಿ ಬೇರೆ ಊರಿಗೆ ಹೋಗುತ್ತದೆ ಎಂದರು ಆಫೀಸಿನವರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವ ಮುದುಕರೊಬ್ಬರನ್ನು ಜನ ಕರೆತಂದರು. ಅವರು ಬಡಾವಣೆಯೆಲ್ಲ ಸುತ್ತಿದರು. ಕಾಯಿ ಎದ್ದು ನಿಂತಿದ್ದು ಚಾಚಿಯ ಮೂಲೆ ಸೈಟಿನಲ್ಲಿ, ಸರಿಯಾಗಿ ನಡುಮಧ್ಯದಲ್ಲಿ. 'ಇಲ್ಲೇ ಐತೆ ನೋಡ್ರಪ್ಪ, ಇಂಗೆ ಕೊರೀರಿ' ಎಂದು ಅವರು ಅಲ್ಲೊಂದು ಕಲ್ಲು ಇಟ್ಟರು.

ಜನರೆಲ್ಲ ಚಾಚಾನ ಮುಖ ನೋಡಿದರು. ಚಾಚಾ ಒಂದು ಕ್ಷಣ ಕೂಡ ಯೋಚಿಸಲಿಲ್ಲ. 'ಕೊಟ್ಟೆ, ತಗೊಳ್ಳಿ. ನಾಳೆನೇ ಗಾಡಿ ತರ್ಸಿ' ಎಂದುಬಿಟ್ಟರು. ಗಂಡಸರು ಚಪ್ಪಾಳೆ ಹೊಡೆದರು, ಒಬ್ಬರು ಕೈ ಹಿಡಿದುಕೊಂಡರು. ಆಗ ಹೆಂಗಸರ ನಡುವಿನಿಂದ ನಮ್ಮವ್ವ ಎದ್ದು ನಿಂತಳು. ಅರ್ಧಕ್ಕೆ ನಿಂತ ಮನೆ ಅವಳದು, ನೀರು ಬೇಕಾಗಿದ್ದು ಅವಳಿಗೂ. ಆದರೂ ಕೇಳಿದಳು: 'ಅಣ್ಣಾರ, ಅಕ್ಕಾರನ್ನ ಕೇಳೀರೇನ್ರಿ?' ಚಪ್ಪಾಳೆ ನಿಂತಿತು. ಅಪ್ಪ ಅವಳ ಸೆರಗು ಜಗ್ಗಿದರು. ಚಾಚಾನ ಮುಖ ಬಿಳಚಿಕೊಂಡಿದ್ದನ್ನು ನಾನು ಅಲ್ಲೇ ನಿಂತು ನೋಡಿದೆ. ಊರ ಹೆಂಗಸರನ್ನೆಲ್ಲ ಕೇಳಿದ ಮನುಷ್ಯ ತನ್ನ ಮನೆಯವಳನ್ನು ಕೇಳುವುದನ್ನು ಮರೆತಿದ್ದರು. ಅವರು ಎರಡೂ ಕೈ ಜೋಡಿಸಿ, 'ತಪ್ಪಾಯ್ತು. ಆ ಮಾತು ವಾಪಸ್ ತಗೋತೀನಿ. ಕೇಳ್ಕೊಂಡು ಬರ್ತೀನಿ' ಎಂದು ಸೈಕಲ್ ಹತ್ತಿದರು. ಅಷ್ಟು ಜನರೆದುರು ಹೇಳಿದ ಮಾತನ್ನು ಅಷ್ಟು ಸಲೀಸಾಗಿ ಹಿಂದಕ್ಕೆ ತೆಗೆದುಕೊಂಡ ಗಂಡಸನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

ಆದರೆ ಸುದ್ದಿ ಸೈಕಲ್ಲಿಗಿಂತ ಮೊದಲೇ ಮನೆ ಮುಟ್ಟಿತ್ತು. ನಾವು ಬಸ್ಸಿಳಿದು ಬರುವಾಗ ಚಾಚಾ ಜಗಲಿಯ ಕೆಳಗೆ ಸೈಕಲ್ ಹಿಡಿದುಕೊಂಡೇ ನಿಂತಿದ್ದರು. ಚಾಚಿ ಮೊರ ಕೆಳಗಿಡದೆ, 'ದೇಕೊ ಆಕೊ ಪೂಛ್ರೈಂ ಕ್ಯಾ?' ಎಂದು ಕೇಳಿದರು. ಕೊಟ್ಟಾದ ಮೇಲೆ ಬಂದು ಕೇಳುತ್ತಿದ್ದೀರಾ ಎಂದಷ್ಟೇ ಅದರ ಅರ್ಥ. ಆಮೇಲೆ ಒಳಗೆ ಹೋದರು. ಚಾಚಿ ಹೊತ್ತುಹೊತ್ತಿಗೆ ತಟ್ಟೆ ಇಟ್ಟರು, ಬಟ್ಟೆ ಒಗೆದರು, ಮಾತು ಮಾತ್ರ ಬಿಟ್ಟರು. ಚಾಚಾ ಕೂಡ ಒತ್ತಾಯ ಮಾಡಲಿಲ್ಲ. ಬಡಾವಣೆಯ ಜನ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. 'ಮನೇಲಿ ಇನ್ನೂ ಹೇಳಿಲ್ಲ' ಎಂದು ಚಾಚಾ ಕಳಿಸುತ್ತಿದ್ದರು. ಯಾರೋ ಒಬ್ಬ, 'ಏನ್ ಸಾಹೇಬ್ರೇ, ಯುದ್ಧದ ಹಡಗಲ್ಲಿದ್ದೋರು ಹೆಂಡ್ತಿಗೆ ಹೆದರ್ತೀರಾ?' ಎಂದು ನಕ್ಕ. 'ಹೌದು ಕಣ್ರೀ, ಹೆದರ್ತೀನಿ' ಎಂದರು ಚಾಚಾ. ಇತ್ತ ಬೋರಿನ ಗಾಡಿ ಇಂದು ಹೋಗುತ್ತದೆ, ನಾಳೆ ಹೋಗುತ್ತದೆ ಎಂಬ ಸುದ್ದಿ.

ಒಂದು ಬೆಳಗ್ಗೆ ಚಾಚಿ ನಮ್ಮ ಬಾಗಿಲಿಗೆ ಬಂದು ಅವ್ವನನ್ನು ಕರೆದರು. ಒಂದು ಕೈಯಲ್ಲಿ ಕೊಡ, ಇನ್ನೊಂದರಲ್ಲಿ ಚಾಚಾನ ಸ್ಟವ್. ನಾನೂ ಹಟ ಹಿಡಿದು ಜೊತೆಗೆ ಹೋದೆ. ಬಸ್ಸಿಳಿದ ಮೇಲೆ ಚಾಚಿ ನೇರ ಸೈಟಿಗೆ ಹೋಗಲಿಲ್ಲ, ಹಳ್ಳಿಯ ಬಾವಿಗೆ ನಡೆದರು. ತುಂಬಿದ ಕೊಡ ಸೊಂಟಕ್ಕೇರಿಸಿ ಆ ಬಿಸಿಲಿನಲ್ಲಿ ಬರುವಾಗ ಅವ್ವ ಕೈ ಕೊಡಲು ಹೋದರೆ, 'ನಕ್ಕೋ' ಎಂದು ಬಿಡಿಸಿಕೊಂಡರು. ದಾರಿಯಲ್ಲಿ ಎರಡು ಕಡೆ ಇಳಿಸಿ ಉಸಿರು ತೆಗೆದುಕೊಂಡರು. ಸೈಟಿನಲ್ಲಿ ಸ್ಟವ್ ಹೊತ್ತಿಸಿ ಚಹಾಕ್ಕಿಟ್ಟು, ಹಿಮ್ಮಡಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತಾ ನಮಗೆ ಮನೆ ತೋರಿಸಿದರು. ಇದು ಬಾಗಿಲು. ಇದು ಮಗಳು ಕೋಲಾರದಿಂದ ಬಂದರೆ ಮಲಗುವ ಕೋಣೆ. ಇಲ್ಲಿ ಗಾಳಿ ಬರುತ್ತದೆ, ಇಲ್ಲೊಂದು ಕಿಟಕಿ. ತೆಂಗಿನಕಾಯಿಯ ಮುದುಕರು ಇಟ್ಟಿದ್ದ ಕಲ್ಲಿನ ಹತ್ತಿರ ಬಂದಾಗ ನಿಂತು, 'ಇದು ಅಡ್ಗೆಮನೆ' ಎಂದರು. ಆಮೇಲೆ ಆ ಕಲ್ಲಿನ ಮೇಲೇ ಕೂತು ಅತ್ತರು. ಅವ್ವ ಸಮಾಧಾನ ಮಾಡಲು ಹೋಗಲಿಲ್ಲ, ಪಕ್ಕದಲ್ಲಿ ನೆಲದ ಮೇಲೆ ಕೂತಳು. ನನಗೂ ಅಳು ಬಂತು. ಹಳ್ಳಿಯ ಕಡೆಯಿಂದ ನೀರು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಬಿಸಿಲು ತಾಳದೆ ನಮ್ಮ ಹತ್ತಿರ ಕೊಡ ಇಳಿಸಿದಳು. ಚಾಚಿ ಮೂಗು ಒರೆಸಿಕೊಂಡು ಅವಳಿಗೂ ಒಂದು ಲೋಟ ಚಹಾ ಕೊಟ್ಟರು. ಯಾರ ಸೈಟು, ಏನು ಕಥೆ ಎಂದು ಅವಳಿಗೆ ಹೇಳಲಿಲ್ಲ.

ಸಂಜೆ ಚಾಚಾ ಜಗಲಿ ಹತ್ತುತ್ತಿದ್ದಂತೆ ಚಾಚಿ ಎದುರು ಬಂದರು. ಮನೆಯೊಳಗೆ ಯಾವತ್ತೂ ದಖ್ಖನಿ ಉರ್ದು ಆಡುವವರು ಅಂದು ಬೇಕೆಂದೇ ಕನ್ನಡದಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: 'ಕೊಡಿ. ನೀವ್ ಕೊಟ್ರಿ ಅಂತ ಬೇಡ. ನಾನ್ ಕೊಟ್ಟೆ ಅಂತ ಹೇಳಿ ಕೊಡಿ.' ಚಾಚಾ ಚಪ್ಪಲಿ ಕೂಡ ಬಿಡದೆ ಅಲ್ಲಿಂದಲೇ ತಿರುಗಿ ಹೋದರು. ಹಾಗೇ ಹೇಳಿದರು, ಹಾಗೇ ಬರೆಸಿದರು. ಬೋರು ಕೊರೆದ ದಿನ ಕೆಸರು ಚಿಮ್ಮಿ, ಆಮೇಲೆ ತಿಳಿನೀರು ಬಂದಾಗ ಹೆಂಗಸರೆಲ್ಲ ಸೇರಿ ಚಾಚಿಯ ಕೈಯಲ್ಲೇ ಮೊದಲು ಪಂಪು ಹೊಡೆಸಿದರು. ಬಡಾವಣೆಗೆ ಏನೇನೋ ದೊಡ್ಡ ಹೆಸರಿತ್ತು. ಜನ ಆ ಜಾಗಕ್ಕೆ ಚಾಚಿ ಬೋರು ಎಂದೇ ಕರೆದರು.

ಆ ನೀರಿನಲ್ಲಿ ನಮ್ಮ ಮನೆಯ ಗೋಡೆ ಎದ್ದಿತು. ನಾವು ಹೋದೆವು, ಅವರು ಹೆಂಚಿನ ಮನೆಯಲ್ಲೇ ಉಳಿದರು. ಸೈಟಿನ ದರ ಮೇಲೇರಿ ಅವರ ಕೈಗೆ ಸಿಗದೇ ಹೋಯಿತು. ಕೆಲವು ವರ್ಷಗಳಲ್ಲಿ ಮಾಲೀಕರು ಹೆಂಚಿನ ಮನೆ ಕೆಡವಿದರು. ಚಾಚಾ, ಚಾಚಿ ಆರ್.ಟಿ. ನಗರದ ಒಂದು ಮಹಡಿ ಮನೆಗೆ ಬಾಡಿಗೆಗೆ ಹೋದರು. ಚಾಚಾ ತೀರಿಕೊಂಡಿದ್ದು ಆ ಮನೆಯಲ್ಲೇ. ಅಂದು ಇಕ್ಕಟ್ಟಾದ ಆ ಮೆಟ್ಟಿಲುಗಳ ಮೇಲೆ ಹತ್ತುವವರು, ಇಳಿಯುವವರು ಒಬ್ಬರಿಗೊಬ್ಬರು ದಾರಿ ಬಿಡುತ್ತಾ ನಿಲ್ಲಬೇಕಾಯಿತು. ಅಷ್ಟು ಹೆಂಗಸರು ಒಬ್ಬ ಬ್ರೋಕರನಿಗಾಗಿ ಅತ್ತಿದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಈಗ ಆ ಬಡಾವಣೆಯಲ್ಲಿ ಹಳಬರು ಯಾರೂ ಇಲ್ಲ. ವಿಮಾನ ನಿಲ್ದಾಣದ ರಸ್ತೆ ಬಂದು ಎಲ್ಲವೂ ಗುರುತು ಸಿಗದಂತಾಗಿದೆ. ಕೈಪಂಪು ಇದ್ದ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್ ನಿಂತಿದೆ.

ಚಾಚಾ ಹೋದ ಮರುವರ್ಷ ನಾನು ಚಾಚಿಯನ್ನು ನೋಡಲು ಹೋಗಿದ್ದೆ. ಮಗಳು, ಅಳಿಯ ಬಂದು ಜೊತೆಗಿದ್ದರು. ಕಿಟಕಿಯ ಪಕ್ಕ ಮಂಚದ ಮೇಲೆ ಕೂತು ಅವರು ನನ್ನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡಿದ್ದರು. ಎಷ್ಟೋ ವರ್ಷಗಳಿಂದ ಮನಸ್ಸಿನಲ್ಲಿದ್ದದ್ದನ್ನು ಆ ದಿನ ಕೇಳಿದೆ, 'ಆ ಸೈಟು ಕೊಟ್ಟಿದ್ದಕ್ಕೆ ಬೇಜಾರಾಗ್ಲಿಲ್ವಾ ಚಾಚಿ?'

'ಆಗ್ದೆ ಇರತ್ತೇನಮ್ಮಾ? ಇವತ್ತೂ ಆಗತ್ತೆ' ಎಂದರು. 'ಈಗ ಬಂದು ಕೇಳಿದ್ರೂ ಹೂಂ ಅಂತೀನಿ. ಕೇಳೋಕೆ ಅವ್ರೇ ಇಲ್ವಲ್ಲ.'