ನಡುವಿನ ಚೆಂಡು

ಶಹಾಬಾದಿನ ನಮ್ಮ ಕ್ಲಬ್ಬಿನಲ್ಲಿ ಟೆನಿಸ್ ಡಬಲ್ಸ್ ಆಡುವಾಗ ಇಬ್ಬರ ನಡುವೆ ಬಂದ ಚೆಂಡು ಯಾವಾಗಲೂ ದೊಡ್ಡವರದು. ದೊಡ್ಡವರೆಂದರೆ ಆಟದಲ್ಲಲ್ಲ, ಹುದ್ದೆಯಲ್ಲಿ, ಕಾರ್ಖಾನೆಯಲ್ಲಿ, ಕಾರಿನಲ್ಲಿ. ಚಿಕ್ಕವನು ಒಂದು ಹೆಜ್ಜೆ ಹಿಂದೆ ಸರಿದು, ಬ್ಯಾಟು ಕೆಳಗಿಳಿಸಿ, "ನಿಮ್ದರಿ ಸಾಹೇಬ್ರ" ಅನ್ನಬೇಕು. ಯಾರೂ ಇದನ್ನು ನನಗೆ ಕಲಿಸಿದ್ದಲ್ಲ. ಮೊದಲ ದಿನವೇ ನೋಡಿ ಕಲಿತೆ, ಹದಿನೆಂಟು ವರ್ಷ ತಪ್ಪದೆ ಪಾಲಿಸಿದೆ.

ನಾನು ಹೈಸ್ಕೂಲಿನ ಪಿ.ಟಿ. ಮಾಸ್ತರ. ನನ್ನ ಜೋಡಿ, ನೆಲಕ್ಕೆ ಹಾಸುವ ಫರಸಿಕಲ್ಲಿನ ಪಾಲಿಶ್ ಕಾರ್ಖಾನೆಯ ಮಾಲೀಕರು. ಊರೆಲ್ಲ ಅವರನ್ನು ಸಾಹೇಬರೆಂದೇ ಕರೆಯುತ್ತದೆ. ಅವರಿಗೆ ಆಟ ಬರುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಚೆಂಡನ್ನು ಹೊಡೆಯುತ್ತಾರೆ, ಅದು ಎಲ್ಲಿಗೆ ಹೋಗುತ್ತದೆ ಎಂಬುದು ಬೇರೆ ಮಾತು. ಗೆರೆಯಿಂದ ಒಂದು ಮೊಳ ಆಚೆ ಬಿದ್ದರೂ ಎದುರಿಗಿರುವ ಸೇಡಂ ವಕೀಲರು, "ಗೆರಿ ಮ್ಯಾಲ ಬಿದ್ದದರಿ, ಭಾಳ ಛಲೋ ಹೊಡದ್ರಿ" ಅನ್ನುತ್ತಿದ್ದರು. ಹೀಗೆ ನಾವು ವಾಡಿಯಲ್ಲಿ ಗೆದ್ದೆವು, ಚಿತ್ತಾಪುರದಲ್ಲಿ ಗೆದ್ದೆವು, ಚಿಂಚೋಳಿಯ ತಹಶೀಲ್ದಾರರನ್ನೂ ಸೋಲಿಸಿ ಬಂದೆವು. ಕಪ್ಪುಗಳೆಲ್ಲ ಸಾಹೇಬರ ಮನೆಯ ಗಾಜಿನ ಕಪಾಟಿನಲ್ಲಿವೆ. ಒಂದರ ಮೇಲೂ ನನ್ನ ಹೆಸರಿಲ್ಲ.

ಬಲಗೈಯವನು ಎಡಬದಿಗೆ ನಿಂತರೆ ನಡುವಿನ ಚೆಂಡು ಅವನ ನೇರ ಕೈಗೆ, ಅಂದರೆ ಫೋರ್‌ಹ್ಯಾಂಡಿಗೆ, ಬರುತ್ತದೆ. ಎಡಬದಿಗೆ ನಿಲ್ಲುತ್ತಿದ್ದವನು ನಾನು. ಅಂದರೆ ನನ್ನ ನೇರ ಕೈಗೆ ಬಂದ ಚೆಂಡನ್ನು ನಾನು ಬಿಟ್ಟುಕೊಡುತ್ತಿದ್ದೆ, ಸಾಹೇಬರು ಅದನ್ನು ತಮ್ಮ ಬ್ಯಾಕ್‌ಹ್ಯಾಂಡಿನ ತಿರುವುಗೈಯಿಂದ ಬಲೆಗೆ ಬಡಿಯುತ್ತಿದ್ದರು. ಆಟ ಬಲ್ಲ ಯಾರು ನೋಡಿದರೂ ನಗುತ್ತಿದ್ದರು. ನಮ್ಮ ಕಡೆ ಆಟ ಬಲ್ಲವರು ನೋಡುತ್ತಿರಲಿಲ್ಲ, ಅದೇ ನಮ್ಮ ಪುಣ್ಯ.

ಆಮೇಲೆ ಜಿಲ್ಲಾ ಕೇಂದ್ರದಲ್ಲಿ ಗಂಡಸರ ವೃತ್ತಿಪರ ಟೂರ್ನಿ ನಡೆಯಿತು. ದೇಶ ವಿದೇಶದಿಂದ ಹುಡುಗರು ಬಂದರು. ಶಾಮಿಯಾನ, ನೀರಿನ ಬಾಟಲಿ, ಅತಿಥಿಗಳ ಶಾಲು ಎಲ್ಲ ಸಾಹೇಬರ ಕೊಡುಗೆ. ಅರ್ಹತೆ ಕೇಳದೆ ಸಂಘಟಕರು ತಮಗೆ ಬೇಕಾದವರನ್ನು ಆಡಿಸಬಹುದಾದ ವೈಲ್ಡ್ ಕಾರ್ಡ್ ಎಂಬುದೊಂದು ಇರುತ್ತದೆ. ಶಾಲಿನ ಜೊತೆಗೆ ಅದೂ ಸಾಹೇಬರ ಹೆಗಲಿಗೆ ಬಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ಸಾಹೇಬರು ಆ ಕೊಡೆಯನ್ನು ಹೊತ್ತು ನಿಲ್ಲಲು ನನ್ನನ್ನು ಕರೆದರು.

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ, ಯಾಕೆಂದರೆ ನನಗೆ ಆಸೆಯಿತ್ತು. ಅಂಪೈರ್ ಕುರ್ಚಿಯ ಮೇಲೆ ಕೂತು ಅಂಕ ಕೂಗುವ, ಗೆರೆಗೆ ಗೆರೆಯ ಬೆಲೆ ಇರುವ ಅಂಕಣದಲ್ಲಿ ಒಂದೇ ಒಂದು ನಡುವಿನ ಚೆಂಡನ್ನು ನನ್ನ ನೇರ ಕೈಯಿಂದ ಹೊಡೆಯಬೇಕು. ಗೆಲ್ಲುವ ಹುಚ್ಚು ನನಗಿರಲಿಲ್ಲ. ನನ್ನ ಹೆಂಡತಿಗೆ ಮಾತ್ರ ಇದನ್ನು ಹೇಳಿದ್ದೆ. ಬುತ್ತಿ ಕಟ್ಟುತ್ತಾ ಅವಳು ಅಂದಳು: "ಕೇಳಿ ಹೊಡೀಲಿಕ್ಕ ಹೋಗಬ್ಯಾಡ್ರಿ. ಬಂದ್ರ ಹೊಡದ ಬಿಡ್ರಿ. ನಾ ನೋಡ್ಲಿಕ್ಕೇ ಬರ್ಲಿಕತ್ತೀನಿ."

ಸಾಹೇಬರನ್ನು ನೋಡಲು ಎರಡು ಗಾಡಿ ತುಂಬ ಜನ ಬಂದಿದ್ದರು. ಆಟ ಶುರುವಾಗುವ ಮೊದಲೇ ಹಾರ ಹಾಕಿದರು. ಅಂಪೈರ್ ಕೆಳಗೆ ನೋಡಿ, ಹಾರ ತೆಗೆದು ಬನ್ನಿ ಎಂದು ಸನ್ನೆ ಮಾಡಿದ. ಸಾಹೇಬರು ಅದನ್ನು ತೆಗೆದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಮಡಚಿ ಅವರ ಚೀಲದ ಮೇಲಿಟ್ಟೆ.

ಎದುರಿಗಿದ್ದ ಇಬ್ಬರು ಹುಡುಗರಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಪೂರ್ತಿ ಬರುತ್ತಿರಲಿಲ್ಲ. ಆದರೂ ಪ್ರತಿ ಅಂಕಕ್ಕೂ ಹತ್ತಿರ ಬಂದು ಬಾಯಿಗೆ ಚೆಂಡು ಅಡ್ಡ ಹಿಡಿದು ಪಿಸುಗುಟ್ಟುತ್ತಿದ್ದರು. ಬೆನ್ನ ಹಿಂದೆ ಬೆರಳು ತೋರಿಸಿ ಒಬ್ಬ ಏನೋ ಹೇಳಿದರೆ ಇನ್ನೊಬ್ಬ ಹಾಗೇ ಓಡುತ್ತಿದ್ದ. ತಪ್ಪಿದವನ ಕೈಯನ್ನೂ ತಟ್ಟುತ್ತಿದ್ದರು. ನಡುವೆ ಬಂದ ಚೆಂಡನ್ನು ಯಾರಿಗೆ ಸಲೀಸೋ ಅವರು ಹೊಡೆದುಬಿಡುತ್ತಿದ್ದರು. ನೋಡಿ ನನ್ನ ಹೊಟ್ಟೆ ಉರಿಯಿತು. ಹದಿನೆಂಟು ವರ್ಷದಲ್ಲಿ ಸಾಹೇಬರು ನನ್ನ ಕೈ ಮುಟ್ಟಿದ್ದು ಕಪ್ಪಿನ ಜೊತೆ ಫೋಟೋ ತೆಗೆಸುವಾಗ ಮಾತ್ರ.

ಮೊದಲ ಸೆಟ್ಟು ಆರು ಸೊನ್ನೆ. ಹುಡುಗರು ನಮ್ಮ ರೋಗವನ್ನು ಎರಡನೇ ಗೇಮಿನಲ್ಲೇ ಹಿಡಿದಿದ್ದರು. ಚೆಂಡನ್ನೆಲ್ಲ ನಡುವಿಗೇ ಹಾಕಿದರು. ನಾನು ಹಿಂದೆ ಸರಿದೆ, ಸಾಹೇಬರು ಬಲೆಗೆ ಬಡಿದರು. "ಈ ನೆಲ ಸರಿ ಇಲ್ಲರಿ ಮಾಸ್ತರ್, ಚೆಂಡು ಭಾಳ ಜಾರ್ಲಿಕತ್ತದ" ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಒಮ್ಮೆ ಅವರ ಚೆಂಡು ಢಾಳಾಗಿ ಹೊರಗೆ ಬಿತ್ತು. ಅಂಪೈರ್ "ಔಟ್" ಎಂದ. ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು.

"ಹೇಳ್ರಿ ಮಾಸ್ತರ್, ಎಲ್ಲಿ ಬಿತ್ತು?"

"ಗೆರಿ ಮ್ಯಾಲ ಬಿತ್ತರಿ" ಅಂದೆ. ಬಾಯಿ ತಾನಾಗಿಯೇ ಅಂದುಬಿಟ್ಟಿತು. ಅಂಪೈರ್ ನನ್ನನ್ನು ನೋಡಿದ ರೀತಿ ಇವತ್ತಿಗೂ ಚುಚ್ಚುತ್ತದೆ. ನಮ್ಮ ಜನ ಮಾತ್ರ ಚಪ್ಪಾಳೆ ತಟ್ಟಿದರು.

ಎರಡನೇ ಸೆಟ್ಟು ಐದು ಸೊನ್ನೆ. ಆ ಹೊತ್ತಿಗೆ ಸಾಹೇಬರಿಗೆ ಏದುಸಿರು ಹತ್ತಿತ್ತು, ಮುಖ ಟೊಮೇಟೊ ಆಗಿತ್ತು. ಜನರಲ್ಲಿ ಅರ್ಧದಷ್ಟು ಮಂದಿ ಊಟದ ಕಡೆ ಎದ್ದು ಹೋಗಿದ್ದರು. ಹೆಂಡತಿ ಮೇಲಿನ ಮೆಟ್ಟಿಲಿನಿಂದ ಕೆಳಗಿಳಿದು ಬಂದು ಅಂಕಣದ ತಂತಿ ಜಾಲರಿಯ ಹತ್ತಿರವೇ ಕೂತಿದ್ದಳು. ಹುಡುಗರಿಗೆ ಒಂದೇ ಅಂಕ ಬೇಕಿತ್ತು. ಎದುರಿನವನ ಸರ್ವ್ ನನ್ನ ಕಡೆ ಬಂತು, ಹೇಗೋ ತಿರುಗಿಸಿ ಹೊಡೆದೆ. ಬಲೆಯ ಹತ್ತಿರವಿದ್ದ ಹುಡುಗ ಅದನ್ನು ಸಲೀಸಾಗಿ, ಬೇಜಾರಿನಿಂದ ಎಂಬಂತೆ, ನಮ್ಮಿಬ್ಬರ ನಡುವೆ ಎತ್ತಿ ಹಾಕಿದ. ಎದೆಮಟ್ಟ ಎದ್ದ, ನಿಧಾನದ ಚೆಂಡು. ನನ್ನ ನೇರ ಕೈಗೆ.

ಸಾಹೇಬರು ಮೊಣಕಾಲ ಮೇಲೆ ಕೈಯೂರಿ ಬಗ್ಗಿದ್ದರು. ಅಲ್ಲಿಂದಲೇ ಕೂಗಿದರು: "ಮಾಸ್ತರ್, ನಿಮ್ದು! ನೀವ ಹೊಡೀರಿ!"

ನನಗೆ ಚೆನ್ನಾಗಿ ಕೇಳಿಸಿತು. ಹದಿನೆಂಟು ವರ್ಷದಲ್ಲಿ ಮೊದಲ ಸಲ. ನಾನು ಒಂದು ಹೆಜ್ಜೆ ಹಿಂದೆ ಸರಿದೆ, ಬ್ಯಾಟು ಕೆಳಗಿಳಿಸಿದೆ, "ನಿಮ್ದರಿ ಸಾಹೇಬ್ರ" ಅಂದೆ.

ಚೆಂಡು ನಮ್ಮಿಬ್ಬರ ನಡುವೆ ಹಾದು, ಎರಡು ಪುಟ ನೆಗೆದು, ಹಿಂದಿನ ಪರದೆಗೆ ತಾಗಿ ನಿಂತಿತು. ಅಂಪೈರ್ ಆಟ ಮುಗಿಯಿತೆಂದ. ಹುಡುಗರು ಬಂದು ಕೈ ಕೊಟ್ಟರು. ಸಾಹೇಬರು ಟವೆಲಿನಿಂದ ಮುಖ ಒರೆಸುತ್ತ ಅಂದರು: "ನಾ ಬಿಟ್ಟುಕೊಟ್ಟಿದ್ನೆಲ್ರಿ ಮಾಸ್ತರ್. ನೀವ ಹೊಡೀಲಿಲ್ಲ." ಮಾರನೇ ದಿನ ಕ್ಲಬ್ಬಿನಲ್ಲೂ ಇದನ್ನೇ ಹೇಳಿದರು. ನಾನು ಇಲ್ಲವೆನ್ನಲಿಲ್ಲ, ಅದು ಸುಳ್ಳಲ್ಲವಲ್ಲ. ಅಷ್ಟು ವರ್ಷ ಅವರ ಬಗ್ಗೆ ಒಳಗೊಳಗೇ ಆಡಿಕೊಂಡು ನಕ್ಕಿದ್ದೆ. ಈಗ ಯಾರನ್ನು ನೋಡಿ ನಗಬೇಕೋ ಅವನು ಬೇರೆಯೇ ಇದ್ದ.

ಗೇಟಿನ ಹತ್ತಿರ ಹೆಂಡತಿ ಕಾದಿದ್ದಳು. ಚೆಂಡಿನ ಮಾತೇ ಎತ್ತಲಿಲ್ಲ. ನನ್ನ ಎರಡೂ ಹೆಗಲನ್ನು ಒಂದೊಂದಾಗಿ ನೋಡಿದಳು.

"ಆ ಇನ್ನೊಂದು ಚೀಲ ಯಾರದರಿ?"

ಆಗಲೇ ನನಗೆ ಗೊತ್ತಾದದ್ದು, ಬಾಡಿದ ಹಾರದ ಸಮೇತ ಅದನ್ನೂ ನಾನೇ ಹೊತ್ತು ತಂದಿದ್ದೆ. ಸಾಹೇಬರು ಕೈಬೀಸಿಕೊಂಡು ಕಾರಿನ ಕಡೆ ನಡೆದಿದ್ದರು. ಯಾರೂ ನನಗೆ ಹೊರು ಎಂದು ಹೇಳಿರಲಿಲ್ಲ.