ಮೂರು ಬದಿಯಿಂದ ನಮ್ಮ ಮನೆ

ಡ್ರಾಯಿಂಗ್ ಮಾಸ್ತರರ ಧೋತರದ ಬಲಬದಿಯಲ್ಲಿ ಅಂಗೈಯಗಲದ ಕಪ್ಪು ಕಲೆಯೊಂದು ಸದಾ ಇರುತ್ತಿತ್ತು. ಪೆನ್ಸಿಲ್ಲಿನ ಸೀಸ ಹತ್ತಿದ ಬೆರಳನ್ನು ಅಲ್ಲೇ ಒರೆಸಿಕೊಳ್ಳುವರು. ಎಷ್ಟು ಒಗೆದರೂ ಹೋಗದು. ಸದಾಶಿವಗಡದವರು, ಮನೆಮಾತು ಕೊಂಕಣಿ. ಕಾರವಾರದ ಶಾಲೆಯಲ್ಲಿ ಕಲಿಸುತ್ತಿದ್ದರು. ನನ್ನ ಮೈದುನ ಅವರ ಶಿಷ್ಯ. ಹಾಗಾಗಿ ಅಂಕೋಲೆಗೆ ಬಂದರೆ ನಮ್ಮ ಜಗಲಿಯಲ್ಲೇ ಊಟ.

ಕರನಿರಾಕರಣೆಯ ಕಾಲದಲ್ಲಿ ನಮ್ಮ ಗಂಡಸರೆಲ್ಲ ಜೈಲಿನಲ್ಲಿದ್ದರು. ಮನೆಯಲ್ಲಿ ಅತ್ತೆ, ನಾನು ಇಬ್ಬರೇ. ತೀರ್ವೆ ಕೊಡಲಿಲ್ಲವೆಂದು ಗದ್ದೆ, ಮನೆ ಎರಡೂ ಜಪ್ತಿಯಾದವು. ಲಿಲಾವಿನಲ್ಲಿ ಸವಾಲು ಕೂಗಲು ಊರಿನವರು ಒಬ್ಬರೂ ಬರಲಿಲ್ಲ. ಹೊರಗಿನ ಗಿರಾಕಿಗಳಿಗೆ ತೋರಿಸಲು ಮನೆಯ ಚಿತ್ರ ಬೇಕಾಯಿತು. ಅಧಿಕಾರಿಯೊಬ್ಬ ಮಾಸ್ತರರನ್ನೇ ಕರೆತಂದ.

"ಹತ್ತಿರದ್ದು ದೊಡ್ಡದಾಗಿ, ದೂರದ್ದು ಸಣ್ಣದಾಗಿ, ಕಣ್ಣಿಗೆ ಕಂಡ ಹಾಗೇ ಬರೆಯಿರಿ. ನೋಡಿದವ ಮರುಳಾಗಬೇಕು," ಅಂದ.

ಮಾಸ್ತರರು ಅಂಗಳದಲ್ಲಿ ನಿಂತು ಅತ್ತೆಯ ಮುಖ ನೋಡಿದರು. ಪೆನ್ಸಿಲನ್ನು ಜೇಬಿಗಿಟ್ಟರು.

"ಅದು ಕೊಳ್ಳೂಕೆ ಬಂದವ ನಿಂತ ಜಾಗದಿಂದ ಬರೆಯೂ ಚಿತ್ರ, ಸಾಯ್ಬರೆ. ನಾ ಆ ಜಾಗದಲ್ಲಿ ನಿಲ್ಲೂದಿಲ್ಲ."

"ಕೆಲಸ ಹೋಗ್ತದೆ."

"ಹೋಗ್ಲಿ."

ಹೋಯಿತು. ಕೊನೆಗೆ ಪರವೂರಿನವನೊಬ್ಬ ಮನೆ ಕೊಂಡ. ಮರ, ಹಂಚು ಕಿತ್ತೊಯ್ಯಲು ಅವನು ಬರುವ ಮೊದಲೇ ಮಾಸ್ತರರು ಅಳತೆಪಟ್ಟಿ ಹಿಡಿದು ಬಂದರು. ಮೇಲಿಂದ ಕಂಡಂತೆ ಒಂದು, ಎದುರಿಂದ ಒಂದು, ಪಕ್ಕದಿಂದ ಒಂದು. ಮನೆಯನ್ನು ಮೂರು ಹಾಳೆಗಳಿಗೆ ಇಳಿಸಿದರು. ಅತ್ತೆ ಅವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದೆಂತಾ ಮನಿ ಮಾಸ್ತರೆ? ಹಪ್ಪಳ ಒಣಗ್ಸಿದಾಂಗೆ ಇದ್ಯಲೆ!"

ಮಾಸ್ತರರು ನಕ್ಕು ನಾಲ್ಕನೆಯದನ್ನು ಬರೆದರು. ಮೂಲೆಯಿಂದ ನೋಡಿದಂತೆ ಹಂಚಿನ ಮಾಡು, ಮುಂಗೋಡೆ, ಪಕ್ಕದ ಗೋಡೆ ಮೂರೂ ಒಟ್ಟಿಗೆ ಕಂಡವು. ಗೆರೆಗಳು ಎಲ್ಲೂ ಕುಗ್ಗದೆ ಜೊತೆಜೊತೆಗೆ ಓಡಿದ್ದವು. ಅತ್ತೆ ತಟ್ಟನೆ ಬೆರಳಿಟ್ಟರು: "ಇದು ನನ್ನ ಅಡಗಿಮನಿ ಕಿಟಕಿ!"

"ಹೌದು ಅಮ್ಮ. ಇದ್ರಲ್ಲಿ ಹಿಂದಿನ ಕಂಬನೂ ಮುಂದಿನದ್ರಷ್ಟೇ ಉದ್ದ. ದೂರ ಇದ್ದದ್ದಕ್ಕೆ ಯಾರೂ ಸಣ್ಣವ್ರಾಗೂದಿಲ್ಲ. ಇದು ನಿಮ್ಗೆ. ಆ ಮೂರು ಬಡಗಿಗೆ."

"ಮತ್ತೆ ಕಟ್ಟೂಕೆ ಆಗ್ತದಾ?" ಎಂದೆ ನಾನು.

"ಕಟ್ಟದೆ ಬಿಡೂಕೆ ಅಳತೆ ತಕಂಡ್ನಾ?" ಎಂದು ರೇಗಿದರು. ಅಲ್ಲೇ ಕೂರಿಸಿಕೊಂಡು, ಮೂರು ಹಾಳೆಗಳನ್ನು ಒಂದಕ್ಕೊಂದು ತಾಳೆ ಹಾಕಿ ಓದುವುದನ್ನು ನನಗೆ ಕಲಿಸಿದರು.

ಮನೆ ಮುರಿದರು. ನಾವು ಬಾಳೆಗುಳಿಯ ನೆಂಟರ ಕೊಟ್ಟಿಗೆ ಸೇರಿದೆವು. ಕ್ಷಮೆ ಕೇಳಿದರೆ ಕೆಲಸ ಮರಳಿ ಸಿಗುತ್ತದೆಂದು ಮಾಸ್ತರರಿಗೆ ಹೇಳಿಕಳುಹಿಸಿದರಂತೆ. ಅವರು ಕೇಳಲಿಲ್ಲ. ಸದಾಶಿವಗಡದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತ ಬದುಕಿದರು, ಜ್ವರ ಬಂದು ಅಲ್ಲೇ ತೀರಿಕೊಂಡರು. ಮುಂದೆ ಹೊಸ ಸರಕಾರ ಬಂದು ಗದ್ದೆ, ಮನೆಯ ಜಾಗ ನಮಗೆ ಮರಳಿದ್ದನ್ನು ಅವರು ಕಾಣಲಿಲ್ಲ.

ಜೈಲಿನಿಂದ ಬಂದಿದ್ದ ಗಂಡಸರು ಹಾಳುಬಿದ್ದ ಗದ್ದೆಯನ್ನು ಹದಮಾಡಲು ಹೊರಟರು. ಬಡಗಿಯ ಎದುರು ಹಾಳೆ ಹಿಡಿದು ನಿಂತವಳು ನಾನು.

"ಹೆಂಗ್ಸರು ಹೇಳ್ದಾಂಗೆ ತೊಲೆ ಕೊಯ್ಯೂಕೆ ಆತದಾ?" ಅಂದ.

"ಆಗ್ದಿದ್ರೆ ಗರಗಸ ಇಲ್ಲಿಡು. ನಾ ಕೊಯ್ತೆ."

ಕೊಯ್ದ. ನೆಲದಲ್ಲಿ ಉಳಿದಿದ್ದ ಅದೇ ಕಲ್ಲಿನ ಪಂಚಾಂಗದ ಮೇಲೆ ಅದೇ ಮನೆ ಎದ್ದು ನಿಂತಿತು.

ಮನೆ ಒಕ್ಕಲಾದ ದಿನ ಅತ್ತೆ ಮೊದಲ ಎಲೆಯನ್ನು ಮಾಸ್ತರರ ಹೆಸರಿನಲ್ಲಿ ಹಾಕಿ ಅನ್ನ ಬಡಿಸಿದರು. ಬೇರೆ ಜಾತಿಯವನಿಗೆ ಮೊದಲ ಎಲೆಯೇ ಎಂದು ನೆಂಟರೊಬ್ಬರು ಗೊಣಗಿದರು. ಅತ್ತೆ ಸೌಟು ಹಿಡಿದೇ ತಿರುಗಿದರು.

"ಈ ಮನಿ ಕಟ್ಟಿದವ ಅಂವ. ಬ್ಯಾಡಾದವ್ರು ಎದ್ದು ಹೋಗೂಕೆ ಅಡ್ಡಿಲ್ಲ."

ಯಾರೂ ಏಳಲಿಲ್ಲ.